ರಸ್ತೆ, ಸೇತುವೆ ದುರಸ್ತಿಗೆ ಸರ್ಕಾರದ ದುಡ್ಡೇ ಬೇಕಾ?

ಪರ: ಸಂಕಕ್ಕೆ ಟೋಲ್ ಹಾಕೋಕಾಗುತ್ತಾ?

ಕರಾವಳಿ, ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಮಳೆ ಹಿಡಿಯುವ ಮೊದಲು ಒಂದು ಕೆಲಸ ಇರುತ್ತದೆ. ನಾಲ್ಕು ಅಡಿಕೆ ಮರ ಕಡಿದು, ಹಳ್ಳಕ್ಕೆ ಅಡ್ಡ ಹಾಕಿ, ಹಗ್ಗದಲ್ಲಿ ಬಿಗಿಯುತ್ತಾರೆ. ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು. ಇದೇ ಕಾಲುಸಂಕ. ಆಷಾಢದ ಹೊತ್ತಿಗೆ ಮರಕ್ಕೆ ಪಾಚಿ ಕಟ್ಟಿ ಸೋಪು ಸವರಿದ ಹಾಗಾಗಿರುತ್ತದೆ. ಮಕ್ಕಳು ಒಂದು ಕೈಯಲ್ಲಿ ಛತ್ರಿ ಹಿಡಿದು ಅದರ ಮೇಲೆಯೇ ಶಾಲೆಗೆ ಹೋಗಬೇಕು. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಪುಟ್ಟ ಹುಡುಗಿಯೊಬ್ಬಳು ಶಾಲೆಯಿಂದ ಬರುವಾಗ ಇಂಥದ್ದೇ ಸಂಕದಿಂದ ಜಾರಿ ನೀರುಪಾಲಾದಳು.

ಇಂಥ ಹಳ್ಳ ದಾಟುವವರು ಹತ್ತಿಪ್ಪತ್ತು ಮನೆಯವರು. ಅಲ್ಲಿ ಟೋಲ್ ಹಾಕಿದರೆ ಗೇಟ್ ಕಾಯುವವನ ಸಂಬಳವೂ ಹುಟ್ಟುವುದಿಲ್ಲ. ‘ಓಡಾಡುವವರೇ ಕೊಡಲಿ’ ಎನ್ನುವ ಮಾತು ಹೆದ್ದಾರಿಗೆ ಚಂದ. ನಮ್ಮ ಬಹುಪಾಲು ರಸ್ತೆಗಳು ಹೆದ್ದಾರಿ ಅಲ್ಲವಲ್ಲ.

ಅಷ್ಟಕ್ಕೂ ಓಡಾಡುವವರು ಕೊಡುತ್ತಿಲ್ಲವಾ? ಗಾಡಿ ತಗೊಳ್ಳುವಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟುತ್ತೇವೆ. ಬಂಕಿನಲ್ಲಿ ಹಾಕಿಸುವ ಪ್ರತಿ ಲೀಟರ್‌ನಲ್ಲೂ ರಸ್ತೆಯ ಹೆಸರಿನ ಸೆಸ್ ಇದೆ. 2000ದಲ್ಲಿ ಕೇಂದ್ರ ರಸ್ತೆ ನಿಧಿ ಕಾಯ್ದೆ ಬಂದದ್ದು ಆ ದುಡ್ಡು ರಸ್ತೆಗೇ ಹೋಗಲಿ ಅಂತಲೇ. ಇವೆರಡರ ಮೇಲೆ ಟೋಲ್ ಬೇರೆ. ಮಂಗಳೂರು ಹತ್ತಿರದ ಸುರತ್ಕಲ್ ಟೋಲ್ ಗೇಟ್ ಎದುರು ಜನ ವರ್ಷಗಟ್ಟಲೆ ಕೂಗಾಡಿದ್ದು ಸುಮ್ನೆ ಅಲ್ಲ. 2022ರ ಡಿಸೆಂಬರ್‌ನಲ್ಲಿ ಅಲ್ಲಿ ವಸೂಲಿ ನಿಂತಿತು.

ಟೋಲ್ ಕೊಟ್ಟರೆ ಸೇತುವೆ ಭದ್ರ ಅನ್ನುವಂತೆಯೂ ಇಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು, ಮೇಲಿದ್ದ ಲಾರಿ ನದಿಗೆ ಬಿತ್ತು. ಡ್ರೈವರ್ ಬದುಕಿ ಬಂದದ್ದೇ ಹೆಚ್ಚು. ಅದೇ ಹೆದ್ದಾರಿಯಲ್ಲಿ ಅಂಕೋಲಾ ಹತ್ತಿರ ಜನ ವರ್ಷಗಳಿಂದ ಟೋಲ್ ಕೊಡುತ್ತಿದ್ದರು.

ವಿರೋಧ: ಕೆಡಿಸಿದವರ ಜೇಬಿನಿಂದ ಬರಲಿ

ಕಾಲುಸಂಕದ ಮಾತು ಒಪ್ಪಿದೆ. ಅದನ್ನು ಸರ್ಕಾರವೇ ಕಟ್ಟಬೇಕು. ಆದರೆ ಅದಕ್ಕೆ ದುಡ್ಡು ಸಾಲುವುದಿಲ್ಲ ಯಾಕೆ? ಲಾರಿ ಓಡಿ ಕೆಟ್ಟ ದೊಡ್ಡ ರಸ್ತೆಯ ಗುಂಡಿಯನ್ನೂ ಅದೇ ಗಂಟು ಬಿಚ್ಚಿ ಮುಚ್ಚುತ್ತೇವೆ, ಅದಕ್ಕೆ.

ರಸ್ತೆ ಕೆಡುವುದಕ್ಕೂ ಒಂದು ಲೆಕ್ಕ ಇದೆ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ಬೇರೆ ಬೇರೆ ತೂಕದ ಲಾರಿಗಳನ್ನು ಪರೀಕ್ಷೆಯ ರಸ್ತೆಯಲ್ಲಿ ಲಕ್ಷಗಟ್ಟಲೆ ಸಲ ಓಡಿಸಿ ನೋಡಿದರು. ಆಕ್ಸಲ್, ಅಂದರೆ ಎರಡು ಬದಿಯ ಚಕ್ರ ಕೂಡಿಸುವ ಅಚ್ಚು, ಅದರ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಏಟು ಹೆಚ್ಚುಕಡಿಮೆ 16 ಪಟ್ಟು. ಅಂದರೆ ನಿಮ್ಮ ಸ್ಕೂಟರ್ ರಸ್ತೆಗೆ ಲೆಕ್ಕಕ್ಕೇ ಇಲ್ಲ. ಅದಿರು ಸಾಗಾಟ ಜೋರಾಗಿದ್ದಾಗ ಹೊಸಪೇಟೆ ಕಡೆಯಿಂದ ಬೇಲೆಕೇರಿ ಬಂದರಿನ ತನಕ ರಸ್ತೆ ಹೇಗಿತ್ತು ಅಂತ ಆ ಕಡೆಯವರನ್ನು ಕೇಳಿ. ಲಾಭ ಗಣಿಯವರಿಗೆ, ಡಾಂಬರಿನ ಖರ್ಚು ಸೊಪ್ಪು ಮಾರುವವಳಿಗೂ ಸೇರಿ! ಭಾರ ನೋಡಿ ಟೋಲ್ ಹಾಕಿದರೆ ಕೆಡಿಸಿದವರೇ ಜಾಸ್ತಿ ಕೊಡುತ್ತಾರೆ.

ಟೋಲ್‌ನಲ್ಲಿ ಇನ್ನೊಂದು ಹಿಡಿತ ಇದೆ. ರಸ್ತೆ ಸರಿ ಇಲ್ಲದಿದ್ದರೆ ವಸೂಲಿ ನಿಲ್ಲಿಸಿ ಅನ್ನಬಹುದು. ಕೇರಳದ ತ್ರಿಶ್ಶೂರ್ ಬಳಿಯ ಪಾಲಿಯೆಕ್ಕರ ಗೇಟ್‌ಗೆ 2025ರ ಆಗಸ್ಟ್‌ನಲ್ಲಿ ಅಲ್ಲಿನ ಹೈಕೋರ್ಟ್ ಹೀಗೇ ತಡೆ ಹಾಕಿತು. ಸುಪ್ರೀಂ ಕೋರ್ಟೂ ಅದಕ್ಕೆ ಅಡ್ಡ ಬರಲಿಲ್ಲ. ರಸ್ತೆ ಗುಂಡಿ ಬಿದ್ದಿದೆ ಅಂತ ಪೆಟ್ರೋಲ್ ಸೆಸ್ ನಿಲ್ಲಿಸಿದ್ದನ್ನು ಯಾರಾದರೂ ಕೇಳಿದ್ದೀರಾ?

ಸರ್ಕಾರದ ದುಡ್ಡಿಗೆ ದುರಸ್ತಿ ಅಂದರೆ ಅಷ್ಟಕ್ಕಷ್ಟೇ. ಹೊಸ ಸೇತುವೆಯಾದರೆ ಗುದ್ದಲಿ ಪೂಜೆ, ಟೇಪು, ಕಲ್ಲಿನ ಮೇಲೆ ಹೆಸರು. ಹಳೇ ಸೇತುವೆಯ ಕಂಬಕ್ಕೂ ಮೇಲಿನ ಹಾಸಿಗೂ ನಡುವೆ ಕೂರುವ ಬೇರಿಂಗ್ ಬದಲಿಸಿದ್ದಕ್ಕೆ ಯಾರೂ ಕಲ್ಲು ನೆಡುವುದಿಲ್ಲ.

ನಮ್ಮೂರಿನ ಬಸ್ಸು ದಾಟುವ ಸೇತುವೆಯ ತಡೆಗೋಡೆಯ ಸಂದಿಯಲ್ಲಿ ಒಂದು ಅರಳಿ ಸಸಿ ಹುಟ್ಟಿತು. ನಾನು ಮೊದಲ ಸಲ ಕಿಟಕಿಯಿಂದ ನೋಡಿದಾಗ ನಾಲ್ಕೇ ಎಲೆ. ಒಂದು ಕತ್ತಿ ಇದ್ದರೆ ಐದು ನಿಮಿಷದ ಕೆಲಸ. ಊರಿನವರು ಅರ್ಜಿ ಕೊಟ್ಟರು. ‘ಎಸ್ಟಿಮೇಟ್ ಕಳಿಸಿದ್ದೇವೆ, ಗ್ರಾಂಟ್ ಬರಲಿ’ ಅಂದರು. ಮೂರು ಮಳೆಗಾಲ ಕಳೆಯಿತು. ಈ ಸಲ ಹೋದಾಗ ಬೇರು ಗೋಡೆಯನ್ನು ಸೀಳಿಕೊಂಡು ಕೆಳಗಿನ ಕಂಬದ ತನಕ ಇಳಿದಿತ್ತು. ಯಾರೋ ಅದರ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು, ಒಂದು ದಾರವೂ ಸುತ್ತಿತ್ತು. ಇನ್ನು ಗ್ರಾಂಟ್ ಬಂದರೂ ಅದಕ್ಕೆ ಕತ್ತಿ ಹಾಕುವವರು ಸಿಗುವುದು ಕಷ್ಟ.