ಡೆಡ್‌ಲಿಫ್ಟ್‌ಗೆ ಮೆತ್ತನೆಯ ಶೂ ಯಾಕೆ ಬೇಡ

ಜಿಮ್‌ಗೆ ಸೇರಿದ ವಾರವೇ ಬಹಳ ಜನ ಕೊಳ್ಳುವುದು ಓಡುವ ಶೂ. ದಪ್ಪ ಫೋಮು, ಹಿಮ್ಮಡಿಯ ಕೆಳಗೆ ಗಾಳಿ ಗುಳ್ಳೆ, ಬೆಲೆಯೂ ಜೋರು. ಟ್ರೆಡ್‌ಮಿಲ್‌ಗೆ ಅದು ಸರಿಯೇ. ಡೆಡ್‌ಲಿಫ್ಟ್ ಅಂದರೆ ಎರಡೂ ತುದಿಗೆ ತೂಕ ಹಾಕಿದ ಬಾರನ್ನು (ಕಬ್ಬಿಣದ ಸರಳು) ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು. ಅದೇ ಶೂ ಹಾಕಿ ನೂರು ಕೆಜಿ ಡೆಡ್‌ಲಿಫ್ಟ್ ಮಾಡಲು ಹೋದರೆ, ಹಾಸಿಗೆ ಮೇಲೆ ನಿಂತು ಅಕ್ಕಿ ಮೂಟೆ ಎತ್ತಿದ ಹಾಗೆ. ಭಾರ ಬಿದ್ದಾಗ ಫೋಮು ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಒಳಬದಿ ಹೆಚ್ಚು ಕುಗ್ಗಿದರೆ ಪಾದ ಒಳಕ್ಕೆ ವಾಲುತ್ತದೆ, ಅದರ ಬೆನ್ನಿಗೇ ಮಂಡಿಯೂ ವಾಲುತ್ತದೆ. ಇಂಥ ಶೂಗಳಲ್ಲಿ ಹಿಮ್ಮಡಿ, ಬೆರಳಿನ ಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರ ಇರುವುದು ಸಾಮಾನ್ಯ. ಅದರಿಂದ ಮೈಭಾರ ಮುಂಗಾಲಿಗೆ ಜಾರುತ್ತದೆ, ಬಾರ್ ಕೂಡ ಮುಂದಕ್ಕೆ ಹೋಗುತ್ತದೆ. ಬಾರ್ ಮುಂದೆ ಹೋದಷ್ಟೂ ಸೊಂಟದ ಮೇಲಿನ ಹೊರೆ ಹೆಚ್ಚು.

ಇದನ್ನು ಕೇಳಿ ಕೆಲವರು ನೇರವಾಗಿ ವೇಟ್‌ಲಿಫ್ಟಿಂಗ್ ಶೂ ತಂದುಬಿಡುತ್ತಾರೆ. ಅದರ ಅಟ್ಟೆ ಗಟ್ಟಿ, ನಿಜ. ಆದರೆ ಹಿಮ್ಮಡಿ ಸುಮಾರು 2 ಸೆಂಟಿಮೀಟರ್ ಎತ್ತರ. ಬಾರ್ ಹೊತ್ತು ಕೂತೇಳುವ ಸ್ಕ್ವಾಟ್, ವೇಟ್‌ಲಿಫ್ಟಿಂಗ್‌ನ ಎತ್ತುಗಳಾದ ಸ್ನ್ಯಾಚ್, ಕ್ಲೀನ್‌ನಲ್ಲಿ ಆಳಕ್ಕೆ ಕೂರಬೇಕು, ಅಲ್ಲಿ ಆ ಎತ್ತರದಿಂದ ಲಾಭ ಇದೆ. ಡೆಡ್‌ಲಿಫ್ಟ್‌ನಲ್ಲಿ ಅಷ್ಟು ಕೂರುವ ಕೆಲಸವೇ ಇಲ್ಲ. ನೀವು ಎತ್ತರದಲ್ಲಿ ನಿಂತಷ್ಟೂ ಬಾರ್ ಹೆಚ್ಚು ದೂರ ಮೇಲೆ ಬರಬೇಕು, ಅಷ್ಟೇ.

ನನ್ನ ಮಟ್ಟಿಗೆ ಉತ್ತರ ತುಂಬ ಅಗ್ಗದ್ದು. ಶಾಲಾ ಮಕ್ಕಳು ಪಿಟಿ ಪೀರಿಯಡ್‌ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ, ಇಲ್ಲವೇ ಕುಸ್ತಿ ಶೂ. ತೆಳು ರಬ್ಬರ್, ಹಿಂದೆ ಮುಂದೆ ಒಂದೇ ಮಟ್ಟ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಹಿಮ್ಮಡಿ ಜಾಗವನ್ನು ಹೆಬ್ಬೆರಳಿಂದ ಬಲವಾಗಿ ಒತ್ತಿ, ಒಳಗೆ ಇಳಿದರೆ ಬೇಡ. ಹಾಕಿಕೊಂಡು ನಿಂತು ಬೆರಳುಗಳನ್ನು ಅಗಲಿಸಿ ನೋಡಿ, ಜಾಗ ಸಾಲದಿದ್ದರೆ ಒಂದು ಸೈಜ್ ದೊಡ್ಡದು ನೋಡಿ. ಆದರೆ ಹಿಮ್ಮಡಿ ಒಳಗೆ ಜಾರುವಷ್ಟು ದೊಡ್ಡದಿರಬಾರದು. ಲೇಸನ್ನು ಮೇಲಿನ ತೂತಿನವರೆಗೂ ಬಿಗಿಯಾಗಿ ಕಟ್ಟಿ. ಲೇಸ್ ಬಿಚ್ಚದೆ ಕಾಲು ತೂರಿಸುವವರಿಗೆ ಯಾವ ಶೂ ಆದರೂ ಒಂದೇ.

ಬರಿಗಾಲು? ನಮ್ಮ ಗರಡಿ ಮನೆಗಳಲ್ಲಿ ಮಟ್ಟಿಯ ಮೇಲೆ ಬರಿಗಾಲಲ್ಲೇ ಸಾಧನೆ. ಜಿಮ್‌ನ ರಬ್ಬರ್ ಮ್ಯಾಟ್ ಮೇಲೂ ಬರಿಗಾಲು ಒಳ್ಳೆಯದೇ, ಜಿಮ್‌ನವರು ಬಿಟ್ಟರೆ. ಬರೀ ಸಾಕ್ಸ್ ಮಾತ್ರ ಬೇಡ. ಟೈಲ್ಸ್ ಮೇಲೆ ಜಾರುತ್ತದೆ, ಕಾಲು ಅಗಲಿಸಿ ನಿಲ್ಲುವ ಸುಮೋ ಶೈಲಿಯಲ್ಲಂತೂ ಎರಡು ಕಾಲೂ ಎರಡು ದಿಕ್ಕಿಗೆ ಜಾರಿದರೆ ತೊಡೆಯ ಒಳಗಿನ ಸ್ನಾಯು ಹರಿದೀತು. ಚಪ್ಪಟೆ ಪಾದ ಇದ್ದು ಡಾಕ್ಟರ್ ಹೇಳಿದ ಇನ್‌ಸೋಲ್ ಬಳಸುವವರು ಒಂದೇ ದಿನಕ್ಕೆ ಬರಿಗಾಲಿಗೆ ಇಳಿಯಬೇಡಿ. ಅಂದಹಾಗೆ, 20 ಕೆಜಿ ಪ್ಲೇಟ್ (ಬಾರಿಗೆ ಹಾಕುವ ತೂಕದ ಬಿಲ್ಲೆ) ಕಾಲ ಮೇಲೆ ಬಿದ್ದರೆ ಯಾವ ಸ್ಪೋರ್ಟ್ಸ್ ಶೂವೂ ಕಾಪಾಡುವುದಿಲ್ಲ.

ಶೂ ವಿಷಯ ಅಷ್ಟೇ. ಬೆನ್ನು ಕಾಪಾಡಿಕೊಳ್ಳಲು ಬಾರ್ ನೆಲ ಬಿಡುವ ಮೊದಲಿನ ತಯಾರಿ ಮುಖ್ಯ.

ಎರಡು ಪಾದದ ನಡುವೆ ಸೊಂಟದಷ್ಟೇ ಅಂತರ, ಬೆರಳುಗಳು ಸ್ವಲ್ಪ ಹೊರಕ್ಕೆ. ಮೇಲಿಂದ ನೋಡಿದರೆ ಬಾರ್ ಪಾದದ ನಟ್ಟನಡುವೆ, ಲೇಸಿನ ಗಂಟಿನ ಹತ್ತಿರ ಕಾಣಬೇಕು. ಆಗ ಮಂಡಿ ಕೆಳಗಿನ ಎಲುಬಿಗೂ ಬಾರಿಗೂ ಎರಡೂವರೆ ಸೆಂಟಿಮೀಟರ್ ಆಸುಪಾಸು ಜಾಗ ಇರುತ್ತದೆ. ಮಂಡಿ ಮಡಿಸದೆ ಸೊಂಟದಿಂದ ಬಾಗಿ ಬಾರ್ ಹಿಡಿಯಿರಿ, ಕೈಗಳು ಕಾಲಿನ ಹೊರಗೆ. ಈಗ ಎಲುಬು ಬಾರಿಗೆ ತಾಗುವಷ್ಟು ಮಾತ್ರ ಮಂಡಿ ಮಡಿಸಿ. ಬಾರನ್ನು ಉರುಳಿಸಬೇಡಿ, ಸೊಂಟವನ್ನು ಇನ್ನೂ ಇಳಿಸಲೂ ಬೇಡಿ. ಡೆಡ್‌ಲಿಫ್ಟನ್ನು ಸ್ಕ್ವಾಟ್ ಎಂದುಕೊಂಡು ಪಿರ್ರೆಯನ್ನು ಮಂಡಿ ಮಟ್ಟಕ್ಕೆ ಇಳಿಸುವವರದು ಎಲ್ಲ ಜಿಮ್‌ನಲ್ಲೂ ಒಂದೇ ಕಥೆ: ಎಳೆಯಲು ಶುರುಮಾಡಿದ ಕೂಡಲೇ ಪಿರ್ರೆ ಮೇಲೇಳುತ್ತದೆ, ಬಾರ್ ಅಲ್ಲೇ ಇರುತ್ತದೆ, ಉಳಿದ ಕೆಲಸವೆಲ್ಲ ಬೆನ್ನಿಗೆ.

ಎದೆ ಎತ್ತಿ. ಕಂಕುಳಲ್ಲಿ ಪೇಪರ್ ಇಟ್ಟುಕೊಂಡಿದ್ದೀರಿ, ಬೀಳಬಾರದು ಎಂಬಂತೆ ತೋಳನ್ನು ಮೈಗೆ ಒತ್ತಿ. ಬಾರ್ ಕಾಲಿಗೆ ಅಂಟಿಕೊಂಡು ಬರುವುದು ಈ ಒತ್ತಡದಿಂದ. ಹೊಟ್ಟೆ ತುಂಬ ಉಸಿರೆಳೆದು ಗುದ್ದು ಬೀಳುತ್ತದೆ ಎನ್ನುವ ಹಾಗೆ ಬಿಗಿಹಿಡಿಯಿರಿ. ಬಿಪಿ ಇರುವವರು ಹೀಗೆ ಉಸಿರು ಕಟ್ಟುವ ಮೊದಲು ಡಾಕ್ಟರನ್ನು ಕೇಳಿ. ನಂತರ ಬಾರನ್ನು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಬಾರಿನ ತುದಿ ಪ್ಲೇಟಿನ ತೂತಿನ ಮೇಲಂಚಿಗೆ ತಾಗಿ 'ಟಿಕ್' ಎನ್ನುತ್ತದೆ. ಸಡಿಲ ಹೋಯಿತು ಎಂದರ್ಥ. ಆಮೇಲೆ ನೆಲವನ್ನು ಕಾಲಿಂದ ಕೆಳಕ್ಕೆ ತಳ್ಳಿ. ಈ ಸಡಿಲ ತೆಗೆಯದೆ ಜಗ್ಗಿದರೆ ಮಡಚಿದ ಮೊಣಕೈ ನೇರವಾಗುತ್ತದೆ, ನೇರ ಇದ್ದ ಬೆನ್ನು ಗೂನಾಗುತ್ತದೆ.

ಮೇಲೆ ಬಂದಾಗ ನೆಟ್ಟಗೆ ನಿಂತರೆ ಸಾಕು, ಹಿಂದಕ್ಕೆ ಬಾಗುವ ನಾಟಕ ಬೇಡ. ಇಳಿಸುವಾಗ ಮೊದಲು ಸೊಂಟ ಹಿಂದೆ, ಬಾರ್ ಮಂಡಿ ದಾಟಿದ ಮೇಲೆಯೇ ಮಂಡಿ ಮಡಿಸಿ. ಮೊದಲೇ ಮಡಿಸಿದರೆ ಬಾರ್ ಮಂಡಿಗೆ ಬಡಿಯುತ್ತದೆ, ಇಲ್ಲವೇ ಅದನ್ನು ಸುತ್ತಿ ಮುಂದಕ್ಕೆ ಹೋಗುತ್ತದೆ. ಪ್ರತಿ ರೆಪ್‌ಗೂ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಬಾರ್ ನೆಲದಲ್ಲಿ ನಿಲ್ಲಲಿ. ಪುಟಿಸಿ ಎಣಿಸಿದ ರೆಪ್ ನನ್ನ ಲೆಕ್ಕಕ್ಕಿಲ್ಲ.

ನಮ್ಮ ಗಲ್ಲಿ ಜಿಮ್‌ಗಳಿಗೆ ವಿಶೇಷವಾದ ತೊಂದರೆ ಒಂದಿದೆ, ಟ್ರೇನರ್‌ಗಳೂ ಅದನ್ನು ಗಮನಿಸುವುದು ಕಡಿಮೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಹಾಗಾಗಿ ಬಾರಿನ ನಡುಭಾಗ ನೆಲದಿಂದ 22.5 ಸೆಂಟಿಮೀಟರ್ ಮೇಲಿರುತ್ತದೆ. ಕಬ್ಬಿಣದ 10 ಕೆಜಿ ಪ್ಲೇಟ್ ಅದಕ್ಕಿಂತ ಎಷ್ಟೋ ಚಿಕ್ಕದು. ಅದನ್ನು ಹಾಕಿದ ಹೊಸಬರು ಕಡಿಮೆ ತೂಕವನ್ನು ಇನ್ನೂ ಕೆಳಗಿಂದ ಎತ್ತಬೇಕಾಗುತ್ತದೆ, ಬೆನ್ನು ಗೂನಾಗದೆ ಇನ್ನೇನಾದೀತು? ಟೇಪ್ ಹಿಡಿದು ಅಳೆಯಿರಿ. ಎರಡೂ ಬದಿಯ ಪ್ಲೇಟಿನ ಕೆಳಗೆ ಸಮನಾಗಿ ಮ್ಯಾಟ್ ಅಥವಾ ಬೇರೆ ಪ್ಲೇಟುಗಳನ್ನು ಮಲಗಿಸಿ 22.5ಕ್ಕೆ ತನ್ನಿ. ಯಾವ ಶೂವಿಗಿಂತಲೂ ಇದರಿಂದ ಆಗುವ ಉಪಯೋಗ ದೊಡ್ಡದು.

ಹೊಸಬರಿಗೆ ಐದೈದು ರೆಪ್‌ನ ಮೂರು ಸೆಟ್, ವಾರಕ್ಕೆ ಒಂದೆರಡು ಸಲ. ವಾರಕ್ಕೆ ಎರಡೂವರೆಯಿಂದ 5 ಕೆಜಿ ಏರಿಸಿದರೆ ಸಾಕು. ಫೋನನ್ನು ಸೊಂಟದ ಎತ್ತರದಲ್ಲಿಟ್ಟು ಪಕ್ಕದಿಂದ ವಿಡಿಯೋ ಮಾಡಿ. ತಲೆ ತಿರುಗಿಸಿ ಕನ್ನಡಿ ನೋಡುತ್ತ ಎತ್ತಬೇಡಿ. ಹಿಡಿತ ಜಾರಿದರೆ ಮೊದಲು ಚಾಕ್ ಪುಡಿ. ಒಂದು ಅಂಗೈ ಹೊರಮುಖ ಮಾಡುವ ಮಿಶ್ರ ಹಿಡಿತದಲ್ಲಿ ಆ ಕೈಯ ಮೊಣಕೈ ಮಡಚಲೇಬಾರದು, ಬೈಸೆಪ್ಸ್ ಹರಿಯುವ ಅಪಾಯ ಅಲ್ಲೇ. ನೋವು ಸೊಂಟದಿಂದ ಕಾಲಿಗೆ ಇಳಿದರೆ, ಜೋಮು ಹಿಡಿದರೆ, ಅವತ್ತಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಪವರ್‌ಲಿಫ್ಟಿಂಗ್ ಸ್ಪರ್ಧೆಯ ಯೋಚನೆ ಇದ್ದರೆ: ಅಂತರರಾಷ್ಟ್ರೀಯ ಒಕ್ಕೂಟ ಐಪಿಎಫ್‌ನ ನಿಯಮದಲ್ಲಿ ಬರಿಗಾಲಿಗೆ ಅವಕಾಶವಿಲ್ಲ. ತೆಳುವಾದ ಡೆಡ್‌ಲಿಫ್ಟ್ ಸ್ಲಿಪ್ಪರ್ (ಚಪ್ಪಲಿಯಲ್ಲ, ಪಾದ ಮುಚ್ಚುವ ತೆಳು ಅಟ್ಟೆಯ ಶೂ) ನಡೆಯುತ್ತದೆ. ಮಂಡಿ ಕೆಳಗಿನ ಎಲುಬು ಮುಚ್ಚುವ ಉದ್ದ ಸಾಕ್ಸ್ ಕಡ್ಡಾಯ, ಬಾರ್ ಅಲ್ಲೇ ಉಜ್ಜಿ ಚರ್ಮ ಸುಲಿಯುತ್ತದೆ. ಹೊಸ ಸ್ಲಿಪ್ಪರನ್ನು ಸ್ಪರ್ಧೆಯ ದಿನ ಮೊದಲ ಸಲ ಹಾಕಬೇಡಿ. ಮೂರ್ನಾಲ್ಕು ವಾರ ಮೊದಲೇ ಅದರಲ್ಲಿ ಭಾರದ ಸೆಟ್‌ಗಳನ್ನು ಮಾಡಿ, ಅಟ್ಟೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ ವೇದಿಕೆ ಹತ್ತಿ.