ನಳಂದವನ್ನು ಮತ್ತೆ ಕಟ್ಟಬೇಕಿತ್ತಾ?

ಪರ

ಬೇಕಿತ್ತು. ನಳಂದ ಅಂದರೆ ಬಿಹಾರದಲ್ಲಿದ್ದ ಹಳೇ ಕಾಲದ ದೊಡ್ಡ ಬೌದ್ಧ ವಿದ್ಯಾಕೇಂದ್ರ. ಅದೇ ಹೆಸರಿನ ಹೊಸ ವಿಶ್ವವಿದ್ಯಾಲಯದ ಪಾಠ 2014ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ಹತ್ತಿರದ ರಾಜಗೀರ್‌ನಲ್ಲಿ ಶುರುವಾದಾಗ ಇದ್ದವರು ಬರೀ 15 ವಿದ್ಯಾರ್ಥಿಗಳು. ಇದೇನು ವಿಶ್ವವಿದ್ಯಾಲಯವಾ, ಟ್ಯೂಷನ್ನಾ ಅಂತ ಆಗ ನಾನೂ ನಕ್ಕಿದ್ದೆ. ಆದರೆ ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ಅದರ ಮಾನಸಗಂಗೋತ್ರಿ ಕ್ಯಾಂಪಸ್ ಬಂದದ್ದು 1960ರಲ್ಲಿ. ಅವರಿಗೂ ಸ್ವಲ್ಪ ಟೈಮ್ ಕೊಡೋಣ, ಅಲ್ವಾ?

ಹಳೇ ಹೆಸರೇ ಯಾಕೆ ಬೇಕಿತ್ತು ಅನ್ನುವವರಿದ್ದಾರೆ. ಆ ಹೆಸರಿಗೆ ಏಷ್ಯಾದಲ್ಲಿ ಈಗಲೂ ಬೆಲೆ ಇದೆ. ಏಳನೇ ಶತಮಾನದಲ್ಲಿ ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ ಅಲ್ಲಿಗೆ ಬಂದು ವರ್ಷಗಟ್ಟಲೆ ಓದಿದ. ಒಂಬತ್ತನೇ ಶತಮಾನದಲ್ಲಿ ಸುವರ್ಣದ್ವೀಪದ, ಅಂದರೆ ಸುಮಾತ್ರ ಕಡೆಯ ರಾಜ ಬಾಲಪುತ್ರದೇವ ಅಲ್ಲೊಂದು ವಿಹಾರ ಕಟ್ಟಿಸಿದ, ಅದರ ಖರ್ಚಿಗೆ ಬಂಗಾಳ-ಬಿಹಾರ ಆಳುತ್ತಿದ್ದ ಪಾಲರ ದೊರೆ ದೇವಪಾಲ ಐದು ಹಳ್ಳಿ ಬಿಟ್ಟುಕೊಟ್ಟ. ಪೂರ್ವ ಏಷ್ಯಾ ಶೃಂಗಸಭೆಯ ದೇಶಗಳು ಈ ಯೋಜನೆಗೆ ಕೈಜೋಡಿಸಿದ್ದು ಇಂಥ ನೆನಪಿನಿಂದಲೇ. ಸುಮ್ನೆ ಇನ್ನೊಂದು ಕೇಂದ್ರೀಯ ವಿ.ವಿ. ತೆರೀತೀವಿ ಅಂದಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಅಲ್ಲಿ ಹಳೇದನ್ನೇ ಬಾಯಿಪಾಠ ಮಾಡಿಸುತ್ತಾರೆ ಅನ್ನೋದೂ ಸುಳ್ಳು. ಮೊದಲು ಶುರುವಾದ ಎರಡು ವಿಭಾಗಗಳು ಇತಿಹಾಸ ಮತ್ತು ಪರಿಸರ.

ವಿರೋಧ

ಹೆಸರಿನ ಮಾತು ಬಂತಲ್ಲ ಸ್ವಾಮಿ, ನನ್ನ ತಕರಾರು ಅಲ್ಲೇ ಇರೋದು. ಹೊಸ ಕ್ಯಾಂಪಸ್ ಇರೋದು ರಾಜಗೀರ್‌ನಲ್ಲಿ, ಹಳೇ ಇಟ್ಟಿಗೆ ಗೋಡೆಗಳಿಂದ ಹತ್ತಕ್ಕೂ ಜಾಸ್ತಿ ಕಿಲೋಮೀಟರ್ ಆಚೆ. ಅದು ಹೋಗಲಿ. ಹಾಳಾದದ್ದು ಕಟ್ಟಡ ಮಾತ್ರ ಆಗಿದ್ದರೆ 455 ಎಕರೆ ಕೊಟ್ಟು ಕಟ್ಟಬಹುದಿತ್ತು. ನಳಂದ ಅಂದರೆ ಓದುವ ಒಂದು ರೀತಿ. ಬಾಗಿಲು ಕಾಯುವವನೇ ಪ್ರಶ್ನೆ ಕೇಳುತ್ತಿದ್ದ, ಉತ್ತರ ಬಾರದೆ ಬಹಳ ಜನ ಅಲ್ಲಿಂದಲೇ ವಾಪಸ್ ಹೋಗುತ್ತಿದ್ದರು ಅಂತ ಅದೇ ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ.

ಆ ರೀತಿ ಸತ್ತಿಲ್ಲ, ನಮ್ಮ ಜಿಲ್ಲೆಯಲ್ಲೇ ಇದೆ. ನಳಂದದ ಪಂಡಿತ ಶಾಂತರಕ್ಷಿತ ಎಂಟನೇ ಶತಮಾನದಲ್ಲಿ ಅದನ್ನು ಟಿಬೆಟ್‌ಗೆ ಒಯ್ದ. ಅದೇ ಪರಂಪರೆಯಲ್ಲಿ 1419ರಲ್ಲಿ ಲ್ಹಾಸಾ ಹತ್ತಿರ ಸೆರಾ ಮಠ ಶುರುವಾಯಿತು. ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅದನ್ನೇ ಮತ್ತೆ ಕಟ್ಟಿಕೊಂಡರು. ಇವತ್ತಿಗೂ ಅಲ್ಲಿನ ಅಂಗಳದಲ್ಲಿ ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ಹಳೇ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ತರ್ಕದ ಮೇಲೆ ಪ್ರಶ್ನೆ ಎಸೆಯುತ್ತಾನೆ. ಅಲ್ಲಿನ ದೊಡ್ಡ ಪದವಿಯಾದ ಗೆಶೆ ಸಿಗೋದಕ್ಕೆ ಹದಿನೈದು ಇಪ್ಪತ್ತು ವರ್ಷ ಬೇಕು. ನಾವು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು, ಕತ್ತಲಾಗುವುದರೊಳಗೆ ಮೈಸೂರು ಸೇರಿಕೊಳ್ತೀವಿ.

ಇನ್ನೊಂದು. 1905ರಲ್ಲಿ ನಮ್ಮ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟು ತಂದುಕೊಟ್ಟರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ಗುರುತು ಹಿಡಿದವರು ಅಲ್ಲಿದ್ದ ಶಾಮಶಾಸ್ತ್ರಿಗಳು, 1909ರಲ್ಲಿ ಅಚ್ಚಾಯಿತು. ಆ ಲೈಬ್ರರಿಗೆ ನಳಂದದ ಹೆಸರು ಇರಲಿಲ್ಲ. ಆ ಕಟ್ಟು ಬರೆದಿದ್ದ ಗ್ರಂಥಲಿಪಿ, ಅಂದರೆ ತಮಿಳುನಾಡಿನ ಕಡೆ ಸಂಸ್ಕೃತ ಬರೆಯುತ್ತಿದ್ದ ಹಳೇ ಲಿಪಿ, ಓದಲು ಬರುವವರೊಬ್ಬರು ಇದ್ದರು, ಅಷ್ಟೇ. ಇವತ್ತು ಆ ಲಿಪಿ ಕಲಿಯೋಕೆ ಬರುವ ಹುಡುಗರಿಗೆ ಐದು ವರ್ಷ ಸಂಬಳ ಕೊಟ್ಟು ಕೂರಿಸೋಕೆ ದುಡ್ಡಿದೆಯಾ? ಇದ್ದರೆ ಹೇಳಿ, ನನ್ನ ಮಗಳನ್ನೇ ಕಳಿಸ್ತೀನಿ.