ಅರ್ಧ ನೋಟ ಹೋದವರಿಗೆ ಪ್ರಿಸಂ ಕನ್ನಡಕ ಇದೆ ಅಂತ ಹೇಳೋರೇ ಇಲ್ಲ

ಸ್ಟ್ರೋಕ್ ಆದಮೇಲೆ ಕೈಕಾಲಿಗೆ ಫಿಸಿಯೋಥೆರಪಿ ಹೇಳ್ತಾರೆ, ಮಾತು ತೊದಲಿದ್ರೆ ಸ್ಪೀಚ್ ಥೆರಪಿ ಹೇಳ್ತಾರೆ, ಬಿಪಿ ಶುಗರ್‌ಗೆ ಮಾತ್ರೆ ಬರ್ಕೊಡ್ತಾರೆ. ನೋಟದ ವಿಷಯಕ್ಕೆ ಬಂದ್ರೆ ಮಾತ್ರ "ಕಣ್ಣು ಚೆನ್ನಾಗೇ ಇದೆ, ಪೆಟ್ಟು ಬಿದ್ದಿರೋದು ಮೆದುಳಿಗೆ, ಇದಕ್ಕೇನೂ ಮಾಡಕ್ಕಾಗಲ್ಲ, ಅಭ್ಯಾಸ ಆಗತ್ತೆ ಬಿಡಿ" ಅಂತ ಕಳಿಸಿಬಿಡ್ತಾರೆ. ಕಣ್ಣು ಚೆನ್ನಾಗಿದೆ ಅನ್ನೋದು ನಿಜ. ಏನೂ ಮಾಡಕ್ಕಾಗಲ್ಲ ಅನ್ನೋದು ನಿಜ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ನಮ್ಮೆದುರಿನ ದೃಶ್ಯದ ಎಡಗಡೆ ಅರ್ಧ ಏನಿದೆಯೋ ಅದು ಎರಡೂ ಕಣ್ಣಿಂದ ಸೇರಿ ಮೆದುಳಿನ ಬಲಭಾಗಕ್ಕೆ ಹೋಗತ್ತೆ, ಬಲಗಡೆದು ಎಡಭಾಗಕ್ಕೆ. ಹಾಗಾಗಿ ಬಲಗಡೆ ಮೆದುಳಿನ ಹಿಂಭಾಗಕ್ಕೆ ರಕ್ತ ಹೋಗೋದು ನಿಂತ್ರೆ, ಅಥವಾ ಗಡ್ಡೆ ಆದ್ರೆ, ಆಕ್ಸಿಡೆಂಟಲ್ಲಿ ತಲೆಗೆ ಏಟು ಬಿದ್ರೆ, ಎರಡೂ ಕಣ್ಣಲ್ಲಿ ಎಡ ಅರ್ಧ ಹೋಗಬಹುದು. ಡಾಕ್ಟರ್‌ಗಳು ಹೆಮಿಅನೋಪಿಯಾ ಅಂತಾರೆ. ತುಂಬಾ ಜನ ಎಡಗಣ್ಣು ಹೋಯ್ತು ಅಂದ್ಕೊಂಡು ಕನ್ನಡಕದ ಪವರ್ ಬದಲಾಯಿಸ್ತಾ ಕೂರ್ತಾರೆ. ಒಂದೊಂದೇ ಕಣ್ಣು ಮುಚ್ಚಿ ನೋಡಿದ್ರೆ ಗೊತ್ತಾಗತ್ತೆ, ಯಾವ ಕಣ್ಣಲ್ಲಿ ನೋಡಿದ್ರೂ ಅದೇ ಅರ್ಧ ಇಲ್ಲ. ಅಲ್ಲಿ ಕಪ್ಪಗೂ ಕಾಣಲ್ಲ, ಏನೂ ಇಲ್ಲ ಅಷ್ಟೆ, ನಮಗೆ ನಮ್ಮ ಬೆನ್ನ ಹಿಂದಿಂದು ಹೇಗೆ ಇಲ್ವೋ ಹಾಗೆ.

ನಮ್ಮ ಸೋದರಮಾವನಿಗೆ ಆಗಿದ್ದು ಇದೇ. ಎಡ ಭುಜ ಬಾಗಿಲ ಚೌಕಟ್ಟಿಗೆ ಬಡ್ಕೊಂಡು ಬಡ್ಕೊಂಡು ನೀಲಿಗಟ್ಟಿತ್ತು. ಎಡಗಡೆಯಿಂದ ಯಾರಾದ್ರೂ ಬಂದು ಮಾತಾಡಿಸಿದ್ರೆ ಬೆಚ್ಚಿ ಬೀಳೋರು, ಯಾಕಂದ್ರೆ ಅವರ ಪಾಲಿಗೆ ಆ ಮನುಷ್ಯ ಇದ್ದಕ್ಕಿದ್ದ ಹಾಗೆ ಎದುರಿಗೆ ಪ್ರತ್ಯಕ್ಷ ಆದ ಹಾಗೆ. ಆಮೇಲಾಮೇಲೆ ಜನ ಇರೋ ಕಡೆ ಹೋಗೋದನ್ನೇ ಬಿಟ್ರು. ಮನೆಯವರೆಲ್ಲ ಮಂಕಾಗಿದಾರೆ ಅಂದ್ಕೊಂಡ್ವಿ, ಅವರು ಮಂಕಾಗಿರ್ಲಿಲ್ಲ, ಹೆದರಿದ್ರು.

ಈಗ ಕನ್ನಡಕದ ವಿಷಯ. ಅಮೆರಿಕಾದ ಬಾಸ್ಟನ್‌ನಲ್ಲಿ ಷೆಪೆನ್ಸ್ ಐ ರಿಸರ್ಚ್ ಇನ್‌ಸ್ಟಿಟ್ಯೂಟ್ ಅಂತ ಇದೆ, ಅಲ್ಲಿನ ಎಲಿ ಪೆಲಿ ಅನ್ನೋ ವಿಜ್ಞಾನಿ 2000ರಲ್ಲಿ ಒಂದು ವಿಧಾನ ಪ್ರಕಟಿಸಿದ್ರು. ಪ್ರಿಸಂ ಬೆಳಕನ್ನ ಬಗ್ಗಿಸತ್ತಲ್ಲ, ಅದನ್ನ ಉಪಯೋಗಿಸಿ ಕಾಣದ ಕಡೆಯ ದೃಶ್ಯವನ್ನ ಕಾಣೋ ಕಡೆಗೆ ಸರಿಸೋದು. ಐಡಿಯಾ ಹಳೇದೇ, ಆದ್ರೆ ಪ್ರಿಸಂನ ಗಾಜಿನ ಮಧ್ಯಕ್ಕೆ ತಂದ್ರೆ ನೇರ ನೋಡಿದ ವಸ್ತುನೇ ಎರಡೆರಡು ಕಾಣತ್ತೆ, ಯಾರೂ ಹಾಕ್ಕೊಳಲ್ಲ. ಪೆಲಿ ಮಾಡಿದ್ದೇನು ಅಂದ್ರೆ ನೋಟ ಹೋದ ಕಡೆಯ ಒಂದೇ ಗಾಜಿಗೆ, ಕಣ್ಣಿನ ಪಾಪೆಗಿಂತ ಮೇಲೊಂದು ಪಟ್ಟಿ ಕೆಳಗೊಂದು ಪಟ್ಟಿ ಪ್ರಿಸಂ ಇಟ್ಟು ಮಧ್ಯ ಸುಮಾರು 12 ಮಿಲಿಮೀಟರ್ ಖಾಲಿ ಬಿಟ್ರು. ನೇರ ನೋಡೋದು ಆ ಖಾಲಿ ಜಾಗದಿಂದ, ಅಲ್ಲಿ ಎಲ್ಲಾ ಮಾಮೂಲಿ, ಒಂದೇ. ಓರೆಯಲ್ಲಿ, ಮೇಲೆ ಕೆಳಗೆ ಮಾತ್ರ ಆ ಕಡೆಯದ್ದು ಬಂದು ಮಸುಕಾಗಿ ಕೂರತ್ತೆ. ಪ್ರಿಸಂನ ಶಕ್ತಿ ಅಳೆಯೋದು ಪ್ರಿಸಂ ಡಯಾಪ್ಟರಲ್ಲಿ, ಒಂದು ಡಯಾಪ್ಟರ್ ಅಂದ್ರೆ ಒಂದು ಮೀಟರ್ ದೂರದಲ್ಲಿ ದೃಶ್ಯ ಒಂದು ಸೆಂಟಿಮೀಟರ್ ಸರಿಯೋದು. 40ರ ಪ್ರಿಸಂ ಹಾಕಿದ್ರೆ ಹತ್ರಹತ್ರ 20 ಡಿಗ್ರಿ, 57ರದ್ದು ಹಾಕಿದ್ರೆ ಸುಮಾರು 30 ಡಿಗ್ರಿ ಆಚೆಯದ್ದು ಸಿಗತ್ತೆ. ಅಷ್ಟು ಶಕ್ತಿಯ ಪ್ರಿಸಂ ಮಾಮೂಲಿ ಗಾಜಲ್ಲಿ ಮಾಡಿದ್ರೆ ಮೂಗಿನ ಮೇಲೆ ನಿಲ್ಲಲ್ಲ ಬಿಡಿ, ಅದಕ್ಕೆ ಫ್ರೆನೆಲ್ ಅಂತ ತೆಳುವಾಗಿ ಗೆರೆಗೆರೆ ಇರೋ ಪಟ್ಟಿ ಹಾಕೋದು.

ಇದರಲ್ಲಿ ಹೋದ ನೋಟ ವಾಪಸ್ ಬರಲ್ಲ. ದಯವಿಟ್ಟು ಹಾಗಂತ ಹೇಳಿ ಯಾರೂ ಮಾರಬೇಡಿ. ಇದು ಕೊಡೋದು ಸುಳಿವು. ಎಡಗಡೆ ಏನೋ ಅಲ್ಲಾಡ್ತು ಅಂತ ಪಟ್ಟಿಯಲ್ಲಿ ಗೊತ್ತಾಗತ್ತೆ, ಆಗ ತಲೆ ತಿರುಗಿಸಿ ಖಾಲಿ ಜಾಗದಿಂದ ನೋಡಬೇಕು. ಹೊಸಬರು ಪ್ರಿಸಂ ಒಳಗಿಂದಲೇ ನೋಡಕ್ಕೆ ಹೋಗ್ತಾರೆ, ತಲೆನೋವು ಬರತ್ತೆ, ಗಲಿಬಿಲಿ ಆಗತ್ತೆ, ತೆಗೆದು ಡ್ರಾಯರ್‌ಗೆ ಹಾಕ್ತಾರೆ. ಪಟ್ಟಿಯಲ್ಲಿ ವಸ್ತು ಒಂದು ಕಡೆ ಕಾಣತ್ತೆ, ನಿಜವಾಗಿ ಇರೋದು ಇನ್ನೊಂದು ಕಡೆ, ಹಾಗಾಗಿ ಕೈ ಚಾಚಿ ಮುಟ್ಟಿ ಮುಟ್ಟಿ ಕಲೀಬೇಕು. ಮೊದಲು ಮನೆ ಒಳಗೆ ಅಭ್ಯಾಸ ಆಗ್ಲಿ, ಮೆಟ್ಟಿಲು ರಸ್ತೆ ಎಲ್ಲ ಆಮೇಲೆ. ಇಷ್ಟನ್ನ ಕೂರಿಸಿಕೊಂಡು ಹೇಳಿಕೊಡದೆ ಬರೀ ಕನ್ನಡಕ ಕೈಗಿಟ್ಟು ಕಳಿಸೋದು ಕೊಡದೇ ಇದ್ದ ಹಾಗೇ.

2014ರಲ್ಲಿ ಬಂದ ಅಧ್ಯಯನದಲ್ಲಿ 61 ಜನ ನಿಜವಾದ ಪ್ರಿಸಂನೂ ಹಾಕ್ಕೊಂಡ್ರು, ಹೆಸರಿಗೆ ಮಾತ್ರ ಪ್ರಿಸಂ ಇದ್ದ ದುರ್ಬಲ ಕನ್ನಡಕನೂ ಹಾಕ್ಕೊಂಡ್ರು, ಯಾವುದು ಯಾವುದು ಅಂತ ಅವರಿಗೆ ಹೇಳಿರಲಿಲ್ಲ. ನಿಜದ್ದನ್ನ ಮುಂದುವರಿಸ್ತೀವಿ ಅಂದೋರು ಶೇ. 64, ಇನ್ನೊಂದನ್ನ ಅಂದೋರು ಶೇ. 36. ಆರು ತಿಂಗಳಾದ್ಮೇಲೂ ಹಾಕ್ಕೊಳ್ತಿದ್ದೋರು ಅರ್ಧಕ್ಕಿಂತ ಕಡಿಮೆ. ಎಲ್ಲರಿಗೂ ಒಗ್ಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ, ಆದ್ರೆ ಒಗ್ಗಿದವರಿಗೆ ಅಡ್ಡ ಬಂದಿದ್ದು ತಪ್ಪಿಸ್ಕೊಂಡು ನಡೆಯೋದು ಸುಲಭ ಆಗಿದ್ದೂ ನಿಜ. ಕಣ್ಣು ತಲೆ ತಿರುಗಿಸಿ ಹುಡುಕಿ ನೋಡೋ ತರಬೇತಿನೂ ಇದೆ, ನನ್ನ ಪ್ರಕಾರ ಅದನ್ನ ಎಲ್ಲರಿಗೂ ಕೊಡಬೇಕು, ಅದರಿಂದ ಯಾವ ತಲೆನೋವೂ ಇಲ್ಲದ ಲಾಭ ಇದೆ. ಇನ್ನು ಕೆಲವರಿಗೆ ಎಡಗಡೆ ಅಂತ ಒಂದಿದೆ ಅನ್ನೋ ಗಮನವೇ ಹೋಗಿರತ್ತೆ, ಅದು ಬೇರೆ ಸಮಸ್ಯೆ, ಈ ಕನ್ನಡಕ ಅವರಿಗೆ ಅಷ್ಟಾಗಿ ಕೆಲಸಕ್ಕೆ ಬರಲ್ಲ.

ನಿಮ್ಮ ಮನೇಲಿ ಸ್ಟ್ರೋಕ್ ಆದವರಿದ್ರೆ ಫೀಲ್ಡ್ ಟೆಸ್ಟ್ (ಸುತ್ತ ಎಲ್ಲೆಲ್ಲಿ ಕಾಣತ್ತೆ, ಎಲ್ಲೆಲ್ಲಿ ಕಾಣಲ್ಲ ಅಂತ ನೋಡೋ ಪರೀಕ್ಷೆ) ಮಾಡಿಸಿದೀರಾ ಅಂತ ಒಂದ್ಸಲ ನೋಡಿ. ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ನೋಟ ತಾನಾಗೇ ಮರಳಬಹುದು, ಅದಾದ್ಮೇಲೂ ಉಳಿದಿದ್ರೆ ಲೋ ವಿಷನ್, ಅಂದ್ರೆ ನೋಟ ಕಮ್ಮಿ ಆದವರನ್ನ ನೋಡೋ ಆಪ್ಟೋಮೆಟ್ರಿಸ್ಟ್ (ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋರು) ಹತ್ರ ಹೋಗಿ, ಮೊದಲಿಗೆ ಅಂಟಿಸಿ ತೆಗೆಯೋ ಪ್ರಿಸಂ ಹಾಕಿ ಕೆಲವು ವಾರ ನೋಡಿ, ಒಗ್ಗಿದ್ರೆ ಕಾಯಂ ಮಾಡಿಸಿ. ಫ್ರೇಮ್ ಮೂಗಿನ ಮೇಲಿಂದ ಒಂಚೂರು ಜಾರಿದ್ರೂ ಮೇಲಿನ ಪಟ್ಟಿ ಪಾಪೆಗೆ ಅಡ್ಡ ಬರತ್ತೆ, ಹಾಗಾಗಿ ಜಾರಿದಾಗಲೆಲ್ಲ ಹೋಗಿ ಬಿಗಿ ಮಾಡಿಸ್ಕೊಂಡು ಬನ್ನಿ, ಅದಕ್ಕೆ ಬೇಜಾರು ಮಾಡ್ಕೋಬೇಡಿ.